ಮಾಂಜ್ರಾ ತೀರದ ಇಕ್ಷುರಸ

ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ ನದಿಯು ಲಾತೂರ ಪ್ರಾಂತವನ್ನು ದಾಟಿ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ನಡುವೆ ಹರಿದು, ಬೀದರ ತಾಲ್ಲೂಕಿನ ಅಂಚನ್ನು ಮುಟ್ಟಿ ತೆಲಂಗಾಣಕ್ಕೆ ಇಳಿಯುವುದು. ಮುಂದೆ ಗೋದಾವರಿಯನ್ನು ಸೇರುವುದಕ್ಕೆ ಮೊದಲು ಅದಕ್ಕೆ ನಿಜಾಮಸಾಗರವೆಂಬ ಕಟ್ಟೆಯು ಅಡ್ಡವಾಗುತ್ತದೆ. 1923ರಲ್ಲಿ ಆರಂಭವಾಗಿ 1931ರಲ್ಲಿ ಮುಗಿದ ಈ ಕಟ್ಟೆಯ ಕಾಲುವೆಗಳ ಕೆಳಗೆ ನಿಜಾಮಾಬಾದ ಜಿಲ್ಲೆಯ ಬೋಧನದಲ್ಲಿ ಕಬ್ಬಿನ ತೋಟಗಳು ಹಬ್ಬಿದುವು. 1937ರಲ್ಲಿ ಅಲ್ಲಿಯೇ ಹೈದರಾಬಾದ ಸಂಸ್ಥಾನದ ದೊಡ್ಡ ಸಕ್ಕರೆ ಕಾರ್ಖಾನೆಯು ನಿಂತಿತು. ಭಾಲ್ಕಿಯ ಕಪ್ಪುನೆಲವನ್ನು ಸವರಿಕೊಂಡು ಹೋದ ನೀರು ಹೀಗೆ ಎಷ್ಟೋ ಹರಿದಾರಿಗಳ ಆಚೆ ಸಕ್ಕರೆಯಾಯಿತು. ಅದೇ ಸಂಸ್ಥಾನಕ್ಕೆ, ಅದೇ ನದಿಗೆ ಸೇರಿದ ಮೇಲ್ದಂಡೆಯ ರೈತನಿಗೆ ಮಾತ್ರ ಎತ್ತಿನ ಗಾಣವೂ ಕೊಪ್ಪರಿಗೆಯೂ ಗತಿಯಾಗಿದ್ದುವು.

ಈ ಅಂತರವು ನೀರಿನದೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಕಾಲುವೆಯ ಭಾಗ್ಯವು ಬೋಧನಕ್ಕೆ ಒದಗಿತು, ಭಾಲ್ಕಿಗೆ ಒದಗಲಿಲ್ಲ ಎಂಬುದು ದಿಟವೇ. ಆದರೆ ಕಬ್ಬಿನ ಚರಿತ್ರೆಯನ್ನು ಸ್ವಲ್ಪ ಆಳವಾಗಿ ನೋಡಿದವರಿಗೆ ಇನ್ನೊಂದು ಸಂಗತಿಯು ಕಾಣದಿರದು. ಸಿಹಿಯನ್ನು ಕಬ್ಬು ತಾನಾಗಿಯೇ ಮಾಡಿಕೊಳ್ಳುತ್ತದೆ; ಅದಕ್ಕೆ ಬಿಸಿಲೂ ನೀರೂ ಸಾಕು. ಆ ಸಿಹಿಯನ್ನು ನೀರಿನಿಂದ, ನಾರಿನಿಂದ, ಅಂಟಿನಿಂದ, ಬಣ್ಣದಿಂದ ಬೇರ್ಪಡಿಸಿ ತೆಗೆಯುವುದಕ್ಕೆ ಮನುಷ್ಯನ ವಿದ್ಯೆ ಬೇಕು. ಈ ಬೇರ್ಪಡಿಸುವ ವಿದ್ಯೆಯು ಯಾರ ಕೈಯಲ್ಲಿರುವುದೋ ಬೆಲೆಯನ್ನು ಕಟ್ಟುವ ಅಧಿಕಾರವೂ ಅವರ ಕಡೆಗೆ ಸರಿಯುತ್ತ ಬಂದಿದೆ. ಬೀದರ ಸೀಮೆಯಲ್ಲಿ ಆ ವಿದ್ಯೆಯು ಹೊಲದ ಅಂಚಿನಿಂದ ಕಾರ್ಖಾನೆಯ ಪ್ರಯೋಗಶಾಲೆಗೆ ಹೋದ ಕಥೆಯನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪ್ರಾಚೀನರು ಈ ವಿದ್ಯೆಯ ಮೆಟ್ಟಿಲುಗಳನ್ನು ಚೆನ್ನಾಗಿ ಎಣಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಕಬ್ಬಿನ ಐದು ಪಾಕಗಳು ಒಂದೇ ವರ್ಗದಲ್ಲಿ ಹೇಳಲ್ಪಟ್ಟಿವೆ. ಫಾಣಿತವೆಂಬುದು ಇಂದಿನ ಜೋನಿಬೆಲ್ಲದಂತೆ ಹರಿಯುವ ಪಾಕ. ಶರ್ಕರೆಯೆಂದರೆ ಮರಳಿನಂತೆ ಹರಳುಗಟ್ಟಿದುದು. ಸುಶ್ರುತಸಂಹಿತೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಪಾಕಗಳು ನಿರ್ಮಲವಾದಷ್ಟೂ ಅವುಗಳ ಗುಣವು ಬದಲಾಗುವುದೆಂದು ವಿಚಾರಮಾಡುತ್ತದೆ. ಕ್ರಿಸ್ತಶಕ 7ನೆಯ ಶತಮಾನದಲ್ಲಿ ಚೀನದ ಚಕ್ರವರ್ತಿಯು ಸಕ್ಕರೆ ಕುದಿಸುವ ಕ್ರಮವನ್ನು ಕಲಿತುಬರುವುದಕ್ಕಾಗಿಯೇ ಮಗಧಕ್ಕೆ ಜನರನ್ನು ಕಳುಹಿಸಿದನೆಂದು ಆ ದೇಶದ ಇತಿಹಾಸದಲ್ಲಿ ಬರೆದಿದೆ. ಕಬ್ಬು ಅವರಲ್ಲಿಯೂ ಇತ್ತು. ಅವರಿಗೆ ಬೇಕಾಗಿದ್ದುದು ಶೋಧನದ ಗುಟ್ಟು.

ಬೀದರ ಜಿಲ್ಲೆಗೆ ಸೇರಿದ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರ ಸಮುದಾಯವು ನೆರೆದಾಗ, ಅವರೊಳಗೆ ಗಾಣದ ಕಣ್ಣಪ್ಪನೂ ಇದ್ದನು, ಹೆಂಡದ ಮಾರಯ್ಯನೂ ಇದ್ದನು. ಒಬ್ಬನದು ಹಿಂಡಿ ತೆಗೆಯುವ ಕಸುಬು, ಇನ್ನೊಬ್ಬನದು ಹುಳಿತ ರಸದ ವ್ಯಾಪಾರ. ಕಾಯಕಗಳಲ್ಲಿ ಮೇಲುಕೀಳೆಣಿಸದ ಆ ಗೋಷ್ಠಿಯಲ್ಲಿ ಈ ಎರಡು ಕಸುಬುಗಳಿಗೂ ಸ್ಥಾನವಿದ್ದುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಹಿಂಡುವುದು, ಹುಳಿಯಿಸುವುದು ಎಂಬ ಇವೆರಡರ ಮೇಲೆಯೇ ಇಂದು ಈ ಜಿಲ್ಲೆಯ ಕಾರ್ಖಾನೆಗಳು ನಿಂತಿವೆ.

ಗಾಣದ ಮನೆಯಲ್ಲಿ ಬೆಲ್ಲವಾಗುತ್ತಿದ್ದ ಕ್ರಮವನ್ನು ಹಳಬರು ಬಲ್ಲರು. ಈಗಿನ ತರುಣರಿಗೆ ಅದು ಅಪರಿಚಿತವಾಗುತ್ತಿರುವುದರಿಂದ ಸ್ವಲ್ಪ ವಿಸ್ತರಿಸಿ ಹೇಳಬಹುದು. ದೇವಣಿ ಎತ್ತುಗಳು ನೊಗವನ್ನು ಹೊತ್ತು ಸುತ್ತುತ್ತಿರಲು, ಗಾಣದ ಉರುಳೆಗಳ ನಡುವೆ ಕಬ್ಬು ನುಗ್ಗಿ ರಸವು ಗಡಿಗೆಗೆ ಇಳಿಯುವುದು. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ಕಬ್ಬಿಣದ ಉರುಳೆಗಳ ಗಾಣವು ತಯಾರಾಗಿ ದೇಶದಲ್ಲೆಲ್ಲ ಹರಡಿತು. ಅದಕ್ಕೆ ಮುಂಚೆ ಕಲ್ಲಿನ ಮತ್ತು ಮರದ ಗಾಣಗಳೇ ರೂಢಿಯಲ್ಲಿದ್ದುವು. ನೂರು ಸೇರು ಕಬ್ಬನ್ನು ಹಿಂಡಿದರೆ ಎತ್ತಿನ ಗಾಣದಲ್ಲಿ ಐವತ್ತು ಅರುವತ್ತು ಸೇರು ರಸ ದೊರೆಯುತ್ತಿತ್ತು. ಉಳಿದ ಸಿಹಿಯು ಸಿಪ್ಪೆಯೊಡನೆ ಒಣಗಿ ಒಲೆಗೆ ಬೀಳುತ್ತಿತ್ತು.

ರಸವನ್ನು ಬಟ್ಟೆಯಲ್ಲಿ ಸೋಸಿ ಕೊಪ್ಪರಿಗೆಗೆ ಸುರಿದು ಮೊದಲು ಮೆಲ್ಲನೆ ಕಾಯಿಸಬೇಕು. ಉರಿ ಹೆಚ್ಚಾದರೆ ಕೆಲಸ ಕೆಟ್ಟಿತು. ಕಾವೇರಿದಂತೆ ಕಪ್ಪುಹಸುರು ಬಣ್ಣದ ಕೆನೆಯೊಂದು ಮೇಲಕ್ಕೆ ಬರುವುದು. ಆಗ ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಯಿಸಿ ತೆಗೆದ ಲೋಳೆಯನ್ನು ಹೊಯ್ಯುವರು. ಲೋಳೆಯು ರಸದಲ್ಲಿ ತೇಲುವ ಕಣಗಳನ್ನೆಲ್ಲ ಬಲೆಯಂತೆ ಹಿಡಿದು ಮೇಲಕ್ಕೆ ತರುವುದು. ತೂತಿನ ಸೌಟಿನಿಂದ ಆ ಮಡ್ಡಿಯನ್ನು ಎತ್ತಿ ಹಾಕುವರು. ಇದರ ಜೊತೆಗೆ ಚಿಟಿಕೆ ಸುಣ್ಣದ ತಿಳಿನೀರು. ಈ ಮೂರು ಕ್ರಿಯೆಗಳಲ್ಲಿ ರಸಾಯನಶಾಸ್ತ್ರದ ಮೂರು ನಿಯಮಗಳು ಅಡಗಿವೆ. ಕಾವಿನಿಂದ ರಸದೊಳಗಿನ ಸಸಾರಜನಕ ಪದಾರ್ಥವು ಹಾಲಿನ ಕೆನೆಯಂತೆ ಹೆಪ್ಪುಗಟ್ಟುತ್ತದೆ. ಲೋಳೆಯು ಸೂಕ್ಷ್ಮಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಸುಣ್ಣವು ರಸದ ಹುಳಿಯನ್ನು ಮುರಿಯುತ್ತದೆ. ಹುಳಿಯುಳ್ಳ ರಸವನ್ನು ಹಾಗೆಯೇ ಕುದಿಸಿದರೆ ಇಕ್ಷುಶರ್ಕರೆಯು ಎರಡಾಗಿ ಒಡೆದು ಎಂದೂ ಹರಳುಗಟ್ಟದ ಅಂಟುಪಾಕವಾಗಿ ಹೋಗುವುದು. ಸುಣ್ಣ ಮಿತಿಮೀರಿದರೂ ಕೇಡೇ. ಬೆಲ್ಲವು ಕರಿಬಣ್ಣಕ್ಕೆ ತಿರುಗುತ್ತದೆ. ಮಿತಿಯನ್ನು ತಿಳಿಸಲು ಯಾವ ಕಾಗದವೂ ಯಾವ ಮಾಪಕವೂ ಅಲ್ಲಿ ಇರಲಿಲ್ಲ. ಕುದಿಸುವವನ ಕಣ್ಣೇ ಮಾಪಕ.

ಮಡ್ಡಿ ತೆಗೆದಾದ ಬಳಿಕ ಉರಿಯನ್ನು ಏರಿಸುವರು. ನೊರೆಯುಕ್ಕಿ ಹೊರಚೆಲ್ಲುವಂತಾದಾಗ ನಾಲ್ಕು ಹನಿ ಹರಳೆಣ್ಣೆಯನ್ನು ಹಾಕಿದರೆ ನೊರೆ ತಗ್ಗುವುದು. ಕೊನೆಗೆ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಉಂಡೆಮಾಡಿ ನೋಡುವರು. ಉಂಡೆ ನಿಂತರೆ ಪಾಕವಿಳಿಸುವ ಹೊತ್ತಾಯಿತೆಂದು ಅರ್ಥ. ನೂರು ಸೇರು ಕಬ್ಬಿನಿಂದ ಹತ್ತು ಸೇರಿನ ಆಸುಪಾಸಿನಲ್ಲಿ ಬೆಲ್ಲವಿಳಿದರೆ ಕೃತಾರ್ಥತೆ. ಈ ಎಲ್ಲ ವ್ಯವಹಾರವೂ ರೈತನ ಕಣ್ಣೆದುರಿಗೇ ನಡೆಯುತ್ತಿತ್ತೆಂಬುದನ್ನು ಗಮನಿಸತಕ್ಕದ್ದು. ಎಷ್ಟು ರಸ ಬಂತು, ಎಷ್ಟು ಮಡ್ಡಿ ಹೋಯಿತು, ಎಷ್ಟು ಪೆಂಟೆಗಳಾದುವು ಎಂಬುದಕ್ಕೆ ಅವನೇ ಸಾಕ್ಷಿ. ಬೆಲ್ಲ ಕೆಟ್ಟರೆ ನಷ್ಟವೂ ಅವನದೇ ಎಂಬುದನ್ನು ಮರೆಯಬಾರದು. ಹಳೆಯ ಗಾಣವನ್ನು ಸ್ವರ್ಗವೆಂದು ವರ್ಣಿಸುವವರು ಕೊಪ್ಪರಿಗೆಯ ಮುಂದೆ ರಾತ್ರಿಯೆಲ್ಲ ನಿಂತು ಬೆಂದವರಲ್ಲ.

ಬೆಲ್ಲದಲ್ಲಿ ಬೇರ್ಪಡೆಯು ಅರ್ಧಕ್ಕೇ ನಿಲ್ಲುತ್ತದೆ. ನೀರೂ ಮಡ್ಡಿಯೂ ಹೋಗುವುವು. ಹರಳುಗಟ್ಟುವ ಸಕ್ಕರೆ, ಹರಳುಗಟ್ಟದ ಪಾಕ, ಖನಿಜ ಲವಣಗಳು ಎಲ್ಲವೂ ಒಂದೇ ಮುದ್ದೆಯಲ್ಲಿ ಉಳಿಯುವುವು. ಅಶುದ್ಧಿಯೆಂದು ರಸಾಯನಶಾಸ್ತ್ರಜ್ಞನು ಕರೆಯುವ ಈ ಶೇಷದಲ್ಲಿಯೇ ಬೆಲ್ಲದ ರುಚಿಯಿದೆ. ಬೀದರ ನಗರದ ಬಿದ್ರಿ ಕೆಲಸಗಾರರೂ ಇದೇ ಬಗೆಯ ಒಂದು ಮಾತನ್ನು ಬಲ್ಲರು. ಸತುವಿನ ಪಾತ್ರೆಗೆ ಕಪ್ಪುಬಣ್ಣವೇರಿಸಲು ಅವರು ನವಸಾಗರದೊಡನೆ ಕೋಟೆಯ ಹಳೆಯ ಮಣ್ಣನ್ನು ಬೆರಸುವರು. ಬಿಸಿಲು ಮಳೆ ಕಾಣದ ಆ ಮಣ್ಣನ್ನು ನಾಲಗೆಯಿಂದಲೇ ಪರೀಕ್ಷಿಸಿ ಆರಿಸುವ ರೂಢಿಯುಂಟು. ಆ ಮಣ್ಣಿನಲ್ಲಿ ಬೆರೆತ ಲವಣಗಳೇ ಅವರಿಗೆ ಬೇಕಾದುದು. ಅದನ್ನು ತೊಳೆದು ಸ್ವಚ್ಛಮಾಡಿಕೊಟ್ಟರೆ ಅವರಿಗೆ ಅದು ನಿರುಪಯೋಗಿ. ಇತ್ತೀಚೆಗೆ ಬೆಲ್ಲವನ್ನು ಹೊಂಬಣ್ಣಕ್ಕೆ ತರುವ ಆಸೆಯಿಂದ ಗಂಧಕಯುಕ್ತವಾದ ಹೈಡ್ರೋಸಲ್ಫೈಟ್ ಪುಡಿಯನ್ನು ಕೊಪ್ಪರಿಗೆಗೆ ಸುರಿಯುವ ಚಟವು ಹಬ್ಬಿದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಹತ್ತು ಲಕ್ಷದಲ್ಲಿ 70 ಭಾಗವನ್ನು ಮೀರಬಾರದೆಂದು ಕಾನೂನು ಮಿತಿಯನ್ನು ಹಾಕಿದೆಯಾದರೂ, ಪೇಟೆಯಲ್ಲಿ ಕಣ್ಣಿಗೆ ಕಾಣುವ ಬಣ್ಣಕ್ಕೇ ಬೆಲೆ ಕಟ್ಟುವುದು ನಿಂತಿಲ್ಲ. ಬೆಂಡೆಯ ಲೋಳೆಯನ್ನು ಬಿಟ್ಟು ಈ ಪುಡಿಯನ್ನು ಹಿಡಿದುದು ಶೋಧನವಲ್ಲ, ಬರಿಯ ಬಣ್ಣಗಾರಿಕೆ.

ಬೇರ್ಪಡೆಯನ್ನು ಪೂರ್ಣಗೊಳಿಸುವ ಯಂತ್ರಗಳು 19ನೆಯ ಶತಮಾನದಲ್ಲಿ ಹೊರದೇಶಗಳಲ್ಲಿ ಹುಟ್ಟಿದುವು. ಗಾಳಿಯ ಒತ್ತಡವನ್ನು ತಗ್ಗಿಸಿದರೆ ದ್ರವವು ಕಡಮೆ ಕಾವಿನಲ್ಲಿಯೇ ಕುದಿಯುವುದೆಂಬ ತತ್ತ್ವವನ್ನು ಹಿಡಿದು, 1813ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಹೊವಾರ್ಡನು ನಿರ್ವಾತಪಾತ್ರೆಯನ್ನು ರಚಿಸಿದನು. ಅದರಲ್ಲಿ ಪಾಕವು ಸೀಯುವುದಿಲ್ಲ, ಬಣ್ಣ ಕೆಡುವುದಿಲ್ಲ. ಅಮೆರಿಕದ ಲೂಯಿಸಿಯಾನ ಪ್ರಾಂತದಲ್ಲಿ ಆಗ ಗುಲಾಮರು ಸಾಲು ಕೊಪ್ಪರಿಗೆಗಳ ಮುಂದೆ ನಿಂತು ಕುದಿಯುವ ರಸವನ್ನು ಉದ್ದ ಸೌಟುಗಳಿಂದ ಒಂದರಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತಿದ್ದರು. ಸುಟ್ಟ ಮೈಯೇ ಅವರ ಕೂಲಿ. ಅದೇ ಪ್ರಾಂತದಲ್ಲಿ ಆಫ್ರಿಕ ಮೂಲದ ತಾಯಿಗೆ ಹುಟ್ಟಿದ ನಾರ್ಬರ್ಟ್ ರಿಲ್ಯೂ ಎಂಬ ಎಂಜಿನಿಯರನು, ಒಂದು ಪಾತ್ರೆಯಿಂದೇಳುವ ಉಗಿಯಿಂದಲೇ ಮುಂದಿನ ಪಾತ್ರೆಯನ್ನು ಕುದಿಸುವ ಸರಣಿಯನ್ನು ಕಂಡುಹಿಡಿದು 1843ರಲ್ಲಿ ಹಕ್ಕುಪತ್ರವನ್ನು ಪಡೆದನು. ಸೌದೆಯ ಖರ್ಚು ಬಹುವಾಗಿ ಇಳಿಯಿತು. ಸಕ್ಕರೆಯ ಕಾರ್ಖಾನೆಯಲ್ಲಷ್ಟೇ ಅಲ್ಲ, ಹಾಲಿನ ಪುಡಿ ಮಾಡುವಲ್ಲಿಯೂ ಔಷಧಗಳನ್ನು ಗಟ್ಟಿಗೊಳಿಸುವಲ್ಲಿಯೂ ಇಂದು ಬಳಕೆಯಲ್ಲಿರುವುದು ಅವನ ಉಪಾಯವೇ. ಆ ಶತಮಾನದ ನಡುಗಾಲದಲ್ಲಿ ಬಂದ ತಿರುಗುವ ಜಾಲರಿಬುಟ್ಟಿಯು ಕೊನೆಯ ಕೆಲಸವನ್ನು ಮಾಡಿತು: ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಸುತ್ತುವ ಬುಟ್ಟಿಯಿಂದ ಅಂಟುಪಾಕವು ಹೊರಕ್ಕೆ ಸಿಡಿದು ಹರಳು ಮಾತ್ರ ಒಳಗುಳಿಯುವುದು. ಹೀಗೆ ಸಿಡಿದುದೇ ಕಾಕಂಬಿ.

ಭಾರತದಲ್ಲಿ 1932ರ ಸಂರಕ್ಷಣ ಶಾಸನದಿಂದ ಹೊರದೇಶದ ಸಕ್ಕರೆಗೆ ಸುಂಕದ ಗೋಡೆ ನಿಂತಿತು. ಅಲ್ಲಿಯವರೆಗೆ 30ರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳ ಸಂಖ್ಯೆ ಐದಾರು ವರ್ಷಗಳಲ್ಲಿ 130ನ್ನು ಮೀರಿತು. ಕನ್ನಂಬಾಡಿಯ ನೀರಿನ ಬಲದಿಂದ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯೂ, ನಿಜಾಮಸಾಗರದ ಬಲದಿಂದ ಬೋಧನದ ಕಾರ್ಖಾನೆಯೂ ಹುಟ್ಟಿದುದು ಈ ಅಲೆಯಲ್ಲಿಯೇ. ಎರಡೂ ಸಂಸ್ಥಾನದ ಬೊಕ್ಕಸವನ್ನು ಆಶ್ರಯಿಸಿದುವು. ಬೀದರವು ಆಗ ಹೈದರಾಬಾದ ಸಂಸ್ಥಾನದ ಒಂದು ಮೂಲೆ. 1956ರ ನವೆಂಬರ್ 1ರಂದು ಆ ಜಿಲ್ಲೆಯು ಒಡೆದು ಉದಗೀರ, ನಿಲಂಗಾ ಮೊದಲಾದುವು ಮುಂಬಯಿ ಪ್ರಾಂತಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋಗಿ, ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಒಂದೇ ನದಿಯ ಕೊಳ್ಳಕ್ಕೆ ಮೂರು ರಾಜ್ಯಗಳ ಒಡೆತನವಾಯಿತು.

ಈ ವೇಳೆಗೆ ನೆರೆಯ ಮಹಾರಾಷ್ಟ್ರದ ಪ್ರವರಾನಗರದಲ್ಲಿ ವಿಠ್ಠಲರಾವ ವಿಖೆ ಪಾಟೀಲರೂ ಅರ್ಥಶಾಸ್ತ್ರಜ್ಞರಾದ ಧನಂಜಯರಾವ ಗಾಡಗೀಳರೂ ರೈತರದೇ ಆದ ಸಹಕಾರಿ ಕಾರ್ಖಾನೆಯ ಮಾದರಿಯನ್ನು ತೋರಿಸಿಕೊಟ್ಟಿದ್ದರು. ಗಾಣದ ಒಡೆಯನಾಗಿದ್ದ ರೈತನೇ ನಿರ್ವಾತಪಾತ್ರೆಗೂ ಒಡೆಯನಾಗಬಹುದೆಂಬುದು ಆ ಪ್ರಯೋಗದ ಹೃದಯ. ಆ ಹಾದಿಯಲ್ಲಿಯೇ ಬೀದರ ಜಿಲ್ಲೆಯಲ್ಲಿ ಹಳ್ಳಿಖೇಡದ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ, ತರುವಾಯ ಬೀದರ ತಾಲ್ಲೂಕಿನ ಇಮಾಮಪುರದ ನಾರಂಜಾ ಕಾರ್ಖಾನೆ, ಭಾಲ್ಕಿ ತಾಲ್ಲೂಕಿನ ಹುಣಜಿಯ ಮಹಾತ್ಮಾ ಗಾಂಧಿ ಕಾರ್ಖಾನೆ ಇವು ತಲೆಯೆತ್ತಿದುವು. ಕಾರಂಜಾ ಜಲಾಶಯವೂ ಕೊಳವೆ ಬಾವಿಗಳೂ ಭಾಲ್ಕಿಯ ಸುತ್ತ ಕಬ್ಬನ್ನು ಹೆಚ್ಚಿಸಿದುವು. ಔರಾದದ ಬಹುಭಾಗ ನೆಲವು ಇಂದಿಗೂ ಮಳೆಯನ್ನೇ ನಂಬಿ ತೊಗರಿ, ಉದ್ದು, ಹೆಸರು, ಸೋಯಾ ಬೆಳೆಯುವುದು. ಕಬ್ಬು ಅಲ್ಲಿ ನದಿಯ ಮಗ್ಗುಲಿನ ಬೆಳೆ.

ಕಾರ್ಖಾನೆಯೊಳಗೆ ಗಾಣದ ಹಳೆಯ ಕ್ರಿಯೆಗಳೇ ಹೊಸ ವೇಷದಲ್ಲಿ ನಡೆಯುವುವು. ಉಕ್ಕಿನ ಉರುಳೆಗಳ ಸಾಲಿನಲ್ಲಿ ಬಿಸಿನೀರು ಚಿಮುಕಿಸುತ್ತ ಹಿಂಡುವುದರಿಂದ ಕಬ್ಬಿನೊಳಗಿನ ಸಿಹಿಯಲ್ಲಿ ನೂರಕ್ಕೆ 95ರಷ್ಟು ಹೊರಬರುತ್ತದೆ. ಬೆಂಡೆಯ ಲೋಳೆಯ ಸ್ಥಾನದಲ್ಲಿ ಸುಣ್ಣವೂ ಗಂಧಕದ ಹೊಗೆಯೂ ನಿಂತಿವೆ; ಕೆಸರು ತಳಕ್ಕೆ ಕೂಡುವುದು, ತಿಳಿರಸವು ಮುಂದಕ್ಕೆ ಹರಿಯುವುದು. ಸಿಪ್ಪೆ ಉರಿದು ಉಗಿಯನ್ನೂ ವಿದ್ಯುತ್ತನ್ನೂ ಕೊಡುತ್ತದೆ. ಸೋಸಿದ ಕೆಸರು ಹೊಲಕ್ಕೆ ಗೊಬ್ಬರ. ಕಾಕಂಬಿಯಂತೂ ಬಹುಕಾಲ ಯಾರಿಗೂ ಬೇಡವಾದ ಹೊರೆಯಾಗಿತ್ತು.

ಆ ಹೊರೆಯ ಭಾಗ್ಯವನ್ನು ತೆರೆದುದು ಒಂದು ಸೂಕ್ಷ್ಮಜೀವಿ. ಹುಳಿತವು ಸತ್ತ ವಸ್ತುವಿನ ಕೊಳೆತವಲ್ಲ, ಜೀವಂತ ಕಿಣ್ವಕಣಗಳ ವ್ಯಾಪಾರವೆಂದು ಫ್ರಾನ್ಸಿನ ಲೂಯಿ ಪಾಶ್ಚರನು 1857ರಿಂದ ಮುಂದಿನ ವರ್ಷಗಳಲ್ಲಿ ಸ್ಥಾಪಿಸಿದನು. ನೀರು ಬೆರಸಿದ ಕಾಕಂಬಿಗೆ ಈ ಕಣಗಳನ್ನು ಬಿಟ್ಟರೆ ಒಂದೆರಡು ದಿನಗಳಲ್ಲಿ ಸಿಹಿಯು ಮದ್ಯಸಾರವಾಗುವುದು. ಆದರೆ ಕಣಗಳು ತಾವು ಮಾಡಿದ ಮದ್ಯಸಾರದಲ್ಲಿಯೇ ತಾವು ಬಾಳಲಾರವು. ನೂರಕ್ಕೆ ಹತ್ತರ ಆಸುಪಾಸಿಗೆ ಅವುಗಳ ಕೆಲಸ ಕುಂಠಿತವಾಗುತ್ತದೆ. ಉಳಿದ ತೊಂಬತ್ತು ಪಾಲು ನೀರು. ಇಲ್ಲಿಂದ ಮುಂದೆ ಮತ್ತೆ ಬೇರ್ಪಡೆಯ ಪ್ರಶ್ನೆ. ಭಟ್ಟಿಯಲ್ಲಿ ಕಾಯಿಸಿದರೆ ಮದ್ಯಸಾರವು ಮೊದಲು ಹಬೆಯಾಗುವುದು. ಎತ್ತರವಾದ ಕಂಬದೊಳಗೆ ತಟ್ಟೆಯಿಂದ ತಟ್ಟೆಗೆ ಹಬೆಯನ್ನೇರಿಸುತ್ತ ಹೋದರೆ ನೂರಕ್ಕೆ 95ರವರೆಗೆ ಸಾಂದ್ರವಾಗುವುದು. ಅಲ್ಲಿಗೆ ಪ್ರಕೃತಿಯು ಅಡ್ಡಗೋಡೆಯನ್ನಿಟ್ಟಿದೆ. ಆ ಪ್ರಮಾಣದಲ್ಲಿ ನೀರೂ ಮದ್ಯಸಾರವೂ ಒಂದಾಗಿಯೇ ಆವಿಯಾಗುವುದರಿಂದ ಎಷ್ಟು ಕುದಿಸಿದರೂ ಬೇರಾಗವು. ಹಿಂದೆ ಬೆಂಜೀನಿನಂಥ ಮೂರನೆಯ ದ್ರವವನ್ನು ಸೇರಿಸಿ ಈ ಗಂಟನ್ನು ಬಿಡಿಸುತ್ತಿದ್ದರು. ಈಗ ನೀರಿನ ಅಣುವು ಮಾತ್ರ ಹೊಗಬಲ್ಲಷ್ಟು ಸಣ್ಣ ರಂಧ್ರಗಳುಳ್ಳ ಖನಿಜದ ಗುಳಿಗೆಗಳ ನಡುವೆ ಹಬೆಯನ್ನು ಹಾಯಿಸುವರು. ನೀರು ರಂಧ್ರಗಳಲ್ಲಿ ಸೆರೆಯಾಗುವುದು, ಮದ್ಯಸಾರವು ಪಾರಾಗುವುದು. ಪೆಟ್ರೋಲಿನೊಡನೆ ಬೆರೆಯಲು ಯೋಗ್ಯವಾದುದು ಈ ನಿರ್ಜಲ ಮದ್ಯಸಾರವೇ. ನೂರಕ್ಕೆ 20 ಪಾಲು ಬೆರಸಬೇಕೆಂಬ ಗುರಿಯನ್ನು ದೇಶವು 2025ರಲ್ಲಿ ಮುಟ್ಟಿತು. 2018ರ ಜೈವಿಕ ಇಂಧನ ನೀತಿಯ ತರುವಾಯ, ಸಕ್ಕರೆ ಇನ್ನೂ ಬಹಳಷ್ಟು ಉಳಿದಿರುವ ಪಾಕವನ್ನೂ ರಸವನ್ನೂ ನೇರವಾಗಿ ಭಟ್ಟಿಗೆ ಕಳುಹಿಸುವುದಕ್ಕೂ ಅವಕಾಶವಾಯಿತು.

ಬೇರ್ಪಡಿಸಿದುದೆಲ್ಲ ಎಲ್ಲಿಯಾದರೂ ಹೋಗಲೇಬೇಕಷ್ಟೆ. ಒಂದು ಲೀಟರು ಮದ್ಯಸಾರವನ್ನು ಕಾಕಂಬಿಯಿಂದ ಇಳಿಸುವಾಗ ಎಂಟರಿಂದ ಹದಿನೈದು ಲೀಟರು ಕರಿನೀರು ಹಿಂದುಳಿಯುವುದು. ನಾರುವ ಈ ಕಷಾಯವು ಹಳ್ಳಕ್ಕೆ ಸೇರಿದರೆ ನೀರಿನಲ್ಲಿ ಕರಗಿದ ಪ್ರಾಣವಾಯುವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲಬಲ್ಲುದು. ಒಂದು ಹನಿಯನ್ನೂ ಹೊರಬಿಡಬಾರದೆಂಬ ನಿಯಮವು ಈಗ ಜಾರಿಯಲ್ಲಿರುವುದರಿಂದ, ಕರಿನೀರನ್ನು ಬತ್ತಿಸಿ ಸುಡುವ ಇಲ್ಲವೆ ಗೊಬ್ಬರವಾಗಿಸುವ ಯಂತ್ರಗಳು ಭಟ್ಟಿಯಷ್ಟೇ ದುಬಾರಿಯಾದ ಅಂಗವಾಗಿವೆ. ಬೇಸಗೆಯಲ್ಲಿ ತೆಳ್ಳಗಾಗಿ ಹರಿಯುವ ಮಾಂಜ್ರಾದಂಥ ನದಿಯ ಕೊಳ್ಳಕ್ಕೆ ಈ ನಿಯಮವು ಪ್ರಾಣರಕ್ಷಣೆಯೇ ಸರಿ.

ಇನ್ನು ಬೆಲೆಯ ಮಾತು. ಗಾಣದಲ್ಲಿ ಕಣ್ಣಿಗೆ ಕಾಣುತ್ತಿದ್ದ ಇಳುವರಿಯು ಕಾರ್ಖಾನೆಯಲ್ಲಿ ಒಂದು ಅಂಕಿಯಾಯಿತು. ಅರೆದ ಕಬ್ಬಿನ ನೂರು ಪಾಲಿನಲ್ಲಿ ದೊರೆತ ಸಕ್ಕರೆಯ ಪಾಲು ಎಂಬ ಈ ಅಂಕಿಯನ್ನು ಪ್ರಯೋಗಶಾಲೆಯ ನಳಿಕೆಗಳೂ ಬೆಳಕಿನ ತಿರುವನ್ನಳೆಯುವ ಯಂತ್ರವೂ ಹೇಳುವುವು. 2025-26ರ ಹಂಗಾಮಿಗೆ ಕೇಂದ್ರ ಸರಕಾರವು 10.25ರ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿಗಳೆಂದು ದರವನ್ನು ಗೊತ್ತುಮಾಡಿತು, ಇಳುವರಿಯು ದಶಮಾಂಶ ಒಂದರಷ್ಟು ಏರಿದರೆ 3 ರೂಪಾಯಿ 46 ಪೈಸೆ ಹೆಚ್ಚು, ಇಳಿದರೆ ಅಷ್ಟೇ ಕಡಮೆ, 9.5ಕ್ಕಿಂತ ಕೆಳಗಿನ ಕಾರ್ಖಾನೆಗಳಲ್ಲಿ 329 ರೂಪಾಯಿ 5 ಪೈಸೆಗೆ ಇಳಿಕೆಯು ನಿಲ್ಲುವುದು. ಅಂಕಿಯು ಇಡೀ ಕಾರ್ಖಾನೆಯ ಸರಾಸರಿಯೇ ಹೊರತು ಒಬ್ಬೊಬ್ಬನ ಹೊಲದ್ದಲ್ಲ. ಚೆನ್ನಾಗಿ ಮಾಗಿದ ಕಬ್ಬನ್ನು ತಂದವನೂ ಎಳೆಯ ಕಬ್ಬನ್ನು ತಂದವನೂ ಒಂದೇ ತೂಕದಲ್ಲಿ ತೂಗುವರು. ಸಿಪ್ಪೆ, ಕೆಸರು, ಕಾಕಂಬಿಗಳಿಂದ ಬರುವ ಆದಾಯದಲ್ಲಿಯೂ ರೈತನಿಗೆ ಪಾಲಿರಬೇಕೆಂದು 2012ರಲ್ಲಿ ಸಿ. ರಂಗರಾಜನ್ ಅವರ ಸಮಿತಿಯು ಹೇಳಿತು. ಸಕ್ಕರೆಯೂ ಉಪೋತ್ಪನ್ನಗಳೂ ಕೂಡಿದ ಮೌಲ್ಯದಲ್ಲಿ ನೂರಕ್ಕೆ 70 ಪಾಲು ಬೆಳೆಗಾರನದೆಂಬುದು ಅದರ ಅಭಿಪ್ರಾಯ. ಈ ಅಭಿಪ್ರಾಯವು ನ್ಯಾಯವಾದುದೆಂದೇ ತೋರುತ್ತದೆ, ಏಕೆಂದರೆ ಕಾಕಂಬಿಯೊಳಗಿನ ಸಿಹಿಯೂ ಹೊಲದಲ್ಲಿಯೇ ಹುಟ್ಟಿದುದು.

ಕಾಲವೂ ಈ ಲೆಕ್ಕದಲ್ಲಿ ಸೇರುತ್ತದೆ. ಕಡಿದ ಕಬ್ಬು ಸತ್ತ ಕಟ್ಟಿಗೆಯಲ್ಲ. ಕೊಯ್ದ ಗಾಯದ ಮೂಲಕ ಲ್ಯೂಕೊನೊಸ್ಟಾಕ್ ಎಂಬ ಅಣುಜೀವಿಗಳು ಒಳಹೊಕ್ಕು ಸಕ್ಕರೆಯನ್ನು ಜಿಗಟಾದ ಲೋಳೆಯಾಗಿ ಮಾರ್ಪಡಿಸತೊಡಗುವುವು. ಬಿಸಿಲಿನಲ್ಲಿ ತೇವವಾರಿ ತೂಕವಿಳಿಯುವುದು. ಕಬ್ಬಿನೊಳಗಿನ ಕಿಣ್ವಗಳೇ ಸಕ್ಕರೆಯನ್ನು ಒಡೆಯುವುವು. ಆ ಲೋಳೆಯು ಕಾರ್ಖಾನೆಯಲ್ಲಿ ಸೋಸುವ ಬಟ್ಟೆಗಳನ್ನು ಕಟ್ಟುವುದಲ್ಲದೆ ಹರಳುಗಳನ್ನು ಸೂಜಿಯಂತೆ ಉದ್ದವಾಗಿಸಿ ಬುಟ್ಟಿಯಲ್ಲಿ ಪಾಕವು ಸುಲಭವಾಗಿ ಬಿಡದಂತೆ ಮಾಡುತ್ತದೆ. ಕಡಿದ ಒಂದು ದಿನದೊಳಗೆ ಅರೆಯಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿಯೇ. ಗಾಣವು ಹೊಲದ ಬದುವಿನಲ್ಲಿದ್ದಾಗ ಬೆಳಗ್ಗೆ ಕಡಿದುದು ಸಂಜೆಗೆ ಕೊಪ್ಪರಿಗೆಯಲ್ಲಿರುತ್ತಿತ್ತು. ಮಾಂಜ್ರಾದ ಔರಾದ ದಂಡೆಯ ಬೆಳೆಗಾರನು ಇಂದು ಕಡಿಯುವ ಆಳುಗಳ ತಂಡಕ್ಕಾಗಿ ಕಾಯಬೇಕು, ಕಾರ್ಖಾನೆಯ ಸರದಿಯ ಚೀಟಿಗಾಗಿ ಕಾಯಬೇಕು, ಹೊಳೆ ದಾಟಿ ಭಾಲ್ಕಿಯ ಅಥವಾ ಬೀದರದ ಕಡೆಗೆ ಹೋದ ಟ್ರ್ಯಾಕ್ಟರು ಕಾರ್ಖಾನೆಯ ಅಂಗಳದ ಸಾಲಿನಲ್ಲಿ ನಿಂತಿರುವಷ್ಟು ಹೊತ್ತೂ ಕಾಯಬೇಕು. ಕಾರ್ಖಾನೆಯೊಂದು ನಿಂತ ವರ್ಷ ಆ ದಾರಿ ಇನ್ನೂ ಉದ್ದವಾಗುವುದು. ಸರಕಾರದ ದರವು ಕಾರ್ಖಾನೆಯ ಬಾಗಿಲಿನ ದರವಾದುದರಿಂದ ಕಡಿಯುವ ಕೂಲಿಯೂ ಸಾಗಣೆಯ ಬಾಡಿಗೆಯೂ ಅದರಿಂದಲೇ ಮುರಿಯಲ್ಪಡುವುವು. 1966ರ ಕಬ್ಬು ನಿಯಂತ್ರಣಾಜ್ಞೆಯಂತೆ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ನೂರಕ್ಕೆ 15ರಂತೆ ಬಡ್ಡಿ ಸೇರಬೇಕು. ಅಂಗಳದ ಸಾಲಿನಲ್ಲಿ ಒಣಗಿದ ಕಬ್ಬಿನ ಸಿಹಿಗೆ ಮಾತ್ರ ಆ ಆಜ್ಞೆಯಲ್ಲಿ ಬಡ್ಡಿಯಿಲ್ಲ. ತೂಕದ ಕಟ್ಟೆಯ ಮೇಲೆ ಬಂಡಿ ಏರುವ ಮೊದಲೇ ಅದು ಹೋಗಿರುತ್ತದೆ.